ನಮ್ಮ ಕಡೆಯ ಮಾಸ್ತರ್

ಚಿಲಕ ಒಳಗಿನಿಂದ ಹಾಕಿತ್ತು!

"ಯಶವಂತ್ ಸರ್, ಬಾಗಿಲಾ ತೆಗೀರಿ," ಎಂದೆ.

"ಟೆಸ್ಟ್ ನಡದೈತ್ರಿ. ಸ್ವಲ್ಪ ತಡೀರಿ."

ತಡೆಯುವುದೇ? ಭುಜ ಕೊಟ್ಟು ಗುದ್ದಿದೆ. ಎರಡನೇ ಏಟಿಗೆ ಚಿಲಕ ಕಿತ್ತು ಬಂತು.

ಮೂಲೆಯಲ್ಲಿ ಹತ್ತು ವರ್ಷದ ನಿರೀಕ್ಷಾ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಟ್ಯೂಷನ್ ಮಾಸ್ತರ್ ಅವಸರದಲ್ಲಿ ಮೊಬೈಲ್ ಜೇಬಿಗೆ ತುರುಕುತ್ತಿದ್ದ. ನಾನು ಕೈ ಹಾಕುವಷ್ಟರಲ್ಲಿ ನನ್ನನ್ನು ಗೋಡೆಗೆ ನೂಕಿ ಓಡಿದ.

"ನಾ ಏನೂ ಹೇಳಿಲ್ರಿ ಸರ್..."

ಓಡುತ್ತಿದ್ದವನ ಬೆನ್ನಿಗೆ ಆ ಮಗು ಹೇಳಿದ ಮಾತು ಅದು. ನನಗೆ ಮೈಯೆಲ್ಲ ಉರಿಯಿತು.

ನಾನು ಶಿವದೇವಿ. ಮೊದಲು ಪೊಲೀಸ್ ಇಲಾಖೆ, ಈಗ ಸ್ವಂತ ಕೆಲಸ. ಮನೆಗೆ ಬಂದು ಪಾಠ ಹೇಳುವವರ ಹಿನ್ನೆಲೆ ವಿಚಾರಿಸಿ ಕೊಡುತ್ತೇನೆ. ಜನ ಮೊದಲೇ ಕರೆದರೆ ತಾನೇ! ಹೈದರಾಬಾದಿನ ಮಣಿಕೊಂಡದಲ್ಲಿರುವ ನಿರೀಕ್ಷಾಳ ತಾಯಿ ಶೈಲಶ್ರೀ ಫೋನ್ ಮಾಡಿದ್ದು ಅವತ್ತು ಮಧ್ಯಾಹ್ನ, ಮಗಳು ಟ್ಯೂಷನ್ ಎಂದರೆ ಅಳತೊಡಗಿದ ಮೇಲೆ. ಅವನು ಮೊದಲು ಪಾಠ ಹೇಳುತ್ತಿದ್ದ ಮನೆಗಳಲ್ಲಿ ವಿಚಾರಿಸಿದ್ದಿರಾ ಎಂದು ಕೇಳಿದ್ದೆ.

"ಏನ್ ವಿಚಾರ್ಸೂದ್ರಿ? ನಮ್ಮ ಕಡಿಯವ್ರು, ಕಲಬುರಗಿಯವ್ರು. ಬಟ್ಟಿ ಅಂಗಡಿ ಮಲ್ಲಣ್ಣಾವ್ರ ಛಲೋ ಮಾಸ್ತರ್ ಅಂದ್ರು."

ಹೈದರಾಬಾದಿನಲ್ಲಿ ವಾಚ್‌ಮನ್‌ಗೆ ಆಧಾರ್ ಕೇಳುತ್ತಾರೆ. ಕೆಲಸದವಳ ಬ್ಯಾಗ್ ತಡಕುತ್ತಾರೆ. ಕನ್ನಡ ಮಾತಾಡುವವನು ಬಂದರೆ ಮಾತ್ರ ಮಗಳನ್ನು ಕೂರಿಸಿ ಬಾಗಿಲನ್ನೂ ಮುಚ್ಚಿ ಕೊಡುತ್ತಾರೆ. ಸಿಟ್ಟು ಬರುವುದಿಲ್ಲವೇ, ನೀವೇ ಹೇಳಿ!

ಪೊಲೀಸರಿಗೆ ನೀವೇ ಫೋನ್ ಮಾಡಿ, ಮಗಳನ್ನು ಅಪ್ಪಿಕೊಂಡು ಕೂತಿರಿ, ಏನೂ ಕೆದಕಬೇಡಿ, ತಪ್ಪು ನಿನ್ನದಲ್ಲ ಎಂದಷ್ಟೇ ಹೇಳಿ ಎಂದು ಶೈಲಶ್ರೀಗೆ ಹೇಳಿ ಮೆಟ್ಟಿಲು ಹಾರಿದೆ.

ಅವನ ಸ್ಕೂಟರ್ ಗೇಟ್ ದಾಟಿತ್ತು. ಸಿಕ್ಕ ಆಟೋ ಹತ್ತಿದೆ. ರಾಂಗ್ ಸೈಡ್, ಬಸ್ಸುಗಳ ಸಂದಿ, ಹಾರ್ನ್ ಮೇಲೆ ಹಾರ್ನ್... ಡ್ರೈವರ್ ಭಾಯ್ ನನಗಿಂತ ಜೋರಾಗಿ ಬೈಯುತ್ತಲೇ ಅಟ್ಟಿಸಿಕೊಂಡು ಹೋದ. ಲಿಂಗಂಪಲ್ಲಿ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಸ್ಕೂಟರ್ ಸಿಕ್ಕಿತು. ಎದುರಿಗೆ ಬಟ್ಟೆ ಅಂಗಡಿ, ಶಟರ್ ಅರ್ಧ ಇಳಿದಿತ್ತು. ಬೋರ್ಡಿನ ಮೇಲೆ ಮಲ್ಲಣ್ಣನವರ ಹೆಸರು!

ಪೊಲೀಸರಿಗೆ ಫೋನ್ ಮಾಡಿ ಜಾಗ ತಿಳಿಸಿ, ಬಗ್ಗಿ ಒಳಗೆ ಹೋದೆ. ಮಲ್ಲಣ್ಣ ಅಡ್ಡ ನಿಂತರು.

"ಇಲ್ಲಿ ಯಾರೂ ಬಂದಿಲ್ರಿ."

"ಸ್ಕೂಟರ್ ತಾನ ನಡಕೋತ ಬಂತೇನ್ರಿ?"

ಇನ್ನೊಂದು ಪ್ರಶ್ನೆಗೆ ಮುದುಕರು ಕೂತು ಎಲ್ಲ ಬಾಯಿಬಿಟ್ಟರು. ಹೋದ ವರ್ಷ ಅವನು ಇವರ ಮೊಮ್ಮಗಳಿಗೆ ಪಾಠ ಹೇಳುತ್ತಿದ್ದನಂತೆ. ಆಕೆಗೂ ಹೀಗೇ ಮಾಡಿದ್ದು ಗೊತ್ತಾದ ದಿನ ಕಪಾಳಕ್ಕೆ ಬಾರಿಸಿ ಹೊರಗಟ್ಟಿದರಂತೆ. ಶೈಲಶ್ರೀ ಬಂದು ಮಾಸ್ತರ್ ಹೇಗೆ ಎಂದು ಕೇಳಿದಾಗ, ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳಲ್ಲ... ಅದಕ್ಕೇ ಛಲೋ ಎಂದರಂತೆ. ಈಗ ಅವನು, ಬಚ್ಚಿಡದಿದ್ದರೆ ಮೊಮ್ಮಗಳ ಹೆಸರು ಹೇಳಿಬಿಡುತ್ತೇನೆ ಎಂದು ಹೆದರಿಸಿ ಒಳಗೆ ಹೊಕ್ಕಿದ್ದ.

"ಹುಡುಗಿ ಹೆಸರು ಹೊರಗ ಬರಬಾರ್ದಂತ ಸುಮ್ನಾದ್ನಿ ತಾಯಿ."

"ಹೆಸರು ಹೊರಗ ಹಾಕೂದು ಗುನ್ಹೆ ಐತ್ರಿ. ಕಾನೂನ ಆಕಿನ್ನ ಕಾಯ್ತಿತ್ತು. ಗೊತ್ತಿದ್ದೂ ಸುಮ್ನ ಕುಂದ್ರೂದೂ ಗುನ್ಹೆನ. ನಿಮ್ಮ ಕೂಸನ್ನ ಮುಚ್ಚಿಟ್ಟು, ಮಂದಿ ಕೂಸನ್ನ ಅವನ ಕೈಯಾಗ ಕೊಟ್ರಿ."

ಸೀರೆ ಗಂಟುಗಳ ಹಿಂದೆ ಸದ್ದಾಯಿತು. ಬಟ್ಟೆ ಕತ್ತರಿ ಹಿಡಿದು ಯಶವಂತ ನನ್ನ ಮೇಲೆ ನುಗ್ಗಿದ! ಕೈಗೆ ಸಿಕ್ಕ ಬಟ್ಟೆ ಸುರುಳಿಯನ್ನು ಅವನ ಮುಖಕ್ಕೆ ಬೀಸಿದೆ. ಮುಗ್ಗರಿಸಿದ. ಮಣಿಕಟ್ಟು ತಿರುಚಿದೆ, ಕತ್ತರಿ ಬಿತ್ತು, ಅವನೂ ಬಿದ್ದ. ಜೀಪ್ ಬರುವವರೆಗೂ ಅವನ ಬೆನ್ನಿನ ಮೇಲೆ ಮೊಣಕಾಲೂರಿ ಕೂತೆ. ಅವನ ಜೇಬಿನ ಮೊಬೈಲನ್ನು ನೋಡದೆ ಹಾಗೆಯೇ ಪೊಲೀಸರ ಕೈಗೆ ಕೊಟ್ಟೆ.

ಇಬ್ಬರನ್ನೂ ಜೀಪಿಗೆ ಹತ್ತಿಸುವಾಗ ಮಲ್ಲಣ್ಣ ಕೈಮುಗಿದರು.

"ನನ್ನ ಬ್ಯಾರೆ ಗಾಡ್ಯಾಗ ಒಯ್ಯಾಕ ಹೇಳ್ರಿ ತಾಯಿ. ಅವನ ಬಾಜೂಕ ಬ್ಯಾಡ."

"ಯಾಕ್ರಿ ಮಲ್ಲಣ್ಣಾವ್ರ?" ಎಂದು ಜೀಪಿನ ಬಾಗಿಲು ದಬ್ಬಿ ಮುಚ್ಚಿದೆ. "ನಮ್ಮ ಕಡಿಯವ್ರ ಅಲ್ಲೇನ್ರಿ?"