ಗಂಧ ಬಿರಿಯದ ಡಬ್ಬಿ

ಎಂಬತ್ತೇಳರ ವಿಜಯದಶಮಿಯ ಬೆಳಿಗ್ಗೆ ಗುರುವ ಕೊಲ್ಲಿ ನಾಡಿನ ಸಹಮ್ ಪೇಟೆಯ ತನ್ನ ಬಟ್ಟೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಸುದ್ದಿ ಬಂತು. ತಂಗಿ ಕುಸುಮಳ ಗಂಡ ಪೂವಪ್ಪ ಇನ್ನಿಲ್ಲ. ತಾನೇ ಕೋವಿಮದ್ದು ತುಂಬಿದ ತೋಟೆಯನ್ನು ಪರೀಕ್ಷಿಸಲು ಹೊಡೆದಾಗ ಕೋವಿ ಅವನ ಮುಖದ ಬಳಿಯೇ ಸಿಡಿದಿತ್ತು.

ಗುರುವನ ಕೈಯಿಂದ ಬೀಗ ಜಾರಿತು. ಪೂವಪ್ಪನ ಕೈಯಲ್ಲಿ ತಪ್ಪೇ? ಹೇಗೆ ಸಾಧ್ಯ?

ಪೂವಪ್ಪ ಸೈನ್ಯದ ಪಟ್ಟಾಳದಲ್ಲಿ ಕೋವಿ ರಿಪೇರಿ ಕಲಿತವನು. ಇಲ್ಲಿ ಸಾಲಿಮ್ ಎಂಬ ಅರಬನ ಕೋವಿ ಅಂಗಡಿಯಲ್ಲಿ ಕೆಲಸ. ಅಂಗಡಿಯ ಹಿಂದೆಯೇ ಸಂಸಾರ. ಮದುವೆಯಲ್ಲಿ ಸಂಭ್ರಮಕ್ಕೆ ಹಾರಿಸಲು, ಗುರಿ ಹೊಡೆಯುವ ಪಂದ್ಯಕ್ಕೆ ಊರವರು ತರುತ್ತಿದ್ದ ಹಳೆಯ ಕೋವಿಗಳಿಗೆ ಅವನು ತೋಟೆ ತುಂಬಿಕೊಡುತ್ತಿದ್ದ. ಯಾವುದೋ ದೇಶದ ಪಟ್ಟಾಳ ಬೇಡವೆಂದು ಮಾರಿದ ಮದ್ದು ಡಬ್ಬಿಗಳಲ್ಲಿ ಬರುತ್ತಿತ್ತು. ನೋಡಲು ಎಲ್ಲವೂ ಒಂದೇ. ಆದರೆ ಒಂದು ಡಬ್ಬಿಯದು ನಿಧಾನಕ್ಕೆ ಉರಿದರೆ ಇನ್ನೊಂದರದು ಭಗ್ಗೆನ್ನುತ್ತದೆ. ಹೊಸ ಡಬ್ಬಿ ತೆಗೆದರೆ ಪೂವಪ್ಪ ಹಳೆಯ ಅಳತೆಯನ್ನು ಮರೆತುಬಿಡುತ್ತಿದ್ದ. ತೀರಾ ಕಡಿಮೆಯಿಂದ ಆರಂಭಿಸಿ, ಒಂದೊಂದೇ ಹೊಡೆದು, ಸುಟ್ಟ ತೋಟೆಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ, ಚೂರುಚೂರೇ ಏರಿಸುತ್ತಿದ್ದ. ಎರಡು ಡಬ್ಬಿಯ ಮದ್ದನ್ನು ಎಂದೂ ಬೆರೆಸಿದವನಲ್ಲ.

ಆದರೂ ಬೆರೆತಿತ್ತು! ಪೊಲೀಸರ ತಜ್ಞ ಪರೀಕ್ಷಿಸಿ ಹೇಳಿದ್ದು ಅದನ್ನೇ—ಹಳೆಯ ಡಬ್ಬಿಯ ಮೇಲ್ಪದರದಲ್ಲಿ ಬೇರೆ ಮದ್ದಿದೆ, ಬೇಗ ಉರಿಯುವಂಥದು. ಅದು ಗೊತ್ತಿಲ್ಲದೆ ಪೂವಪ್ಪ ಹಳೆಯ ಅಳತೆಯಲ್ಲೇ ತುಂಬಿದ್ದ.

ಬೆರೆಸಿದ್ದು ಯಾರು? ಅಂಗಡಿಯಲ್ಲಿದ್ದ ಇನ್ನೊಬ್ಬನೆಂದರೆ ಕುಂಞಮ್ಮದ್, ಉಳ್ಳಾಲದ ಕಡೆಯ ಬ್ಯಾರಿ. ಪೊಲೀಸರು ಅವನನ್ನು ಒಳಗೆ ಹಾಕಿದರು.

ಗುರುವ ಠಾಣೆಗೆ ಹೋದಾಗ ಕುಂಞಮ್ಮದ್ ಸರಳುಗಳನ್ನು ಹಿಡಿದು ನಿಂತಿದ್ದ.

"ಜಗಳ ಆದದ್ದು ಹೌದಾ?" ಎಂದು ಗುರುವ ಕೇಳಿದ.

"ಹೌದು ಗುರುವಣ್ಣ. ಮದುವೆಯವರು ಅವಸರ ಮಾಡ್ತಿದ್ರು. 'ಎರಡೂ ಒಂದೇ ಮದ್ದಲ್ವಾ, ಸೇರಿಸಿ ತುಂಬಿಸಿ ಮಾರಾಯ್ರೆ' ಅಂದೆ. 'ನೀನು ಬಿರಿಯಾನಿಗೆ ಮಸಾಲೆ ಬೆರೆಸು ಕುಂಞಿ, ಇಲ್ಲಿ ಕೈ ಹಾಕ್ಬೇಡ' ಅಂತ ಬೈದ್ರು. ಅರಬಾಬ್‌ನ ಎದುರೇ, ಧಣಿ ಕೇಳುವ ಹಾಗೆ ಬೈದ್ರು."

"ಸಿಟ್ಟು ಬಂತಾ?"

"ಬಾರದೆ ಇರ್ತದಾ? ಆದ್ರೆ ಸಂಜೆಗೆ ಅವರ ಮನೆಯಲ್ಲೇ ಚಾ ಕುಡಿದೆ." ಅವನ ದನಿ ಒಡೆಯಿತು. "ಮರುದಿನ ದೂರದ ರೂವಿ ಪೇಟೆಗೆ ಸಾಮಾನು ತರ್ಲಿಕ್ಕೆ ಹೋದವ. ಪೂಜೆಗೂ ಇರಲಿಲ್ಲ. ವಾಪಸ್ ಬಂದದ್ದು ದಶಮಿ ಬೆಳಿಗ್ಗೆ. ನಾನು ಎಂತ ಮಾಡಿದ್ದೂ ಇಲ್ಲ. ಅಲ್ಲಾಹು ನೋಡ್ತಾನೆ."

ಅಧಿಕಾರಿ ಉರ್ದು ಬಲ್ಲವನು. ಮೇಜಿನ ಮೇಲೆ ಎರಡು ಡಬ್ಬಿಗಳನ್ನು ಇಟ್ಟಿದ್ದ.

"ಇವನು ಬೆಳಿಗ್ಗೆ ಬಂದ. ಹೊಸ ಡಬ್ಬಿ ತೆಗೆದ, ಹಳೆಯದಕ್ಕೆ ಸುರಿದ. ಆಮೇಲೆ ಪೂವಪ್ಪ ತೋಟೆ ತುಂಬಿದ. ಖಲಾಸ್. ಇನ್ನೇನು ಬೇಕು?" ಎನ್ನುತ್ತ ಅವನು ಹೊಸ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ.

"ನಿಲ್ಲಿ ಸಾಹೇಬರೇ! ಇದನ್ನು ಯಾರಾದರೂ ತೆರೆದಿದ್ದೀರಾ?"

"ಇಲ್ಲ. ಈಗಲೇ ತೆರೆಯುವುದು."

ಗುರುವ ಬಗ್ಗಿ ನೋಡಿದ. ಆಯುಧ ಪೂಜೆಯ ಸಂಜೆ ಪೂವಪ್ಪ ಪ್ರತಿಯೊಂದು ಸಲಕರಣೆಗೂ ಗಂಧ ಹಚ್ಚಿದ್ದ. ಡಬ್ಬಿಗಳಿಗೂ ಹಚ್ಚಿದ್ದ, ಮುಚ್ಚಳದಿಂದ ಕೆಳಕ್ಕೆ ಎಳೆದಂತೆ. ಹಳೆಯ ಡಬ್ಬಿಯಲ್ಲಿ ಒಣಗಿದ ಗಂಧ ಮುಚ್ಚಳದ ಅಂಚಿನಲ್ಲಿ ಬಿರಿದು ಉದುರಿತ್ತು. ಹೊಸದರಲ್ಲಿ?

ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ.

"ಇದು ಪೂಜೆಯ ಗಂಧ. ಒಣಗಿದ ಮೇಲೆ ಮುಚ್ಚಳ ಎತ್ತಿದರೆ ಒಡೆಯಲೇಬೇಕು. ದಶಮಿಯ ಬೆಳಿಗ್ಗೆ ಯಾರೂ ಈ ಡಬ್ಬಿ ಮುಟ್ಟಿಲ್ಲ. ಈಗ ತೆಗೆಯಿರಿ."

ಅಧಿಕಾರಿ ತೆಗೆದ. ಒಳಗಿನ ಕಾಗದ ಹರಿದಿತ್ತು. ಮದ್ದು ಬಾಯಿಮಟ್ಟದಿಂದ ತುಸು ಇಳಿದಿತ್ತು.

"ಹಾಗಾದರೆ ತೆರೆದದ್ದು ಪೂಜೆಗೆ ಮೊದಲೇ," ಎಂದ ಅಧಿಕಾರಿ, ನಿಧಾನವಾಗಿ. "ಆಗ ಇವನು ರೂವಿಯಲ್ಲಿದ್ದ. ಸಾಲಿಮ್ ಕೂಡ ಹಾಗೇ ಹೇಳಿದ್ದಾನೆ. ಇವನು ಹೋದ ಮೇಲೂ ಪೂವಪ್ಪ ಹಳೆಯ ಡಬ್ಬಿಯಿಂದ ತುಂಬಿ ಹೊಡೆದಿದ್ದನಂತೆ, ಏನೂ ಆಗಲಿಲ್ಲವಂತೆ. ಮತ್ತೆ ಯಾರು?"

ಹರಿದ ಕಾಗದದ ಮಡಿಕೆಯಲ್ಲಿ ಗುರುವನ ಕಣ್ಣಿಗೆ ಏನೋ ಬಿದ್ದಿತ್ತು—ಕೆಂಪು ಕುಚ್ಚಲಕ್ಕಿಯ ಒಂದು ಕಾಳು. ಮದ್ದಿನ ಡಬ್ಬಿಯಲ್ಲಿ ಊಟದ ಅಕ್ಕಿ? ಬಾಯಿ ಮುಚ್ಚಿಕೊಂಡರೆ ಒಬ್ಬ ನಿರಪರಾಧಿ ಒಳಗೇ ಕೊಳೆಯುತ್ತಾನೆ. ಬಾಯಿ ಬಿಟ್ಟರೆ?

"ಸ್ವಲ್ಪ ಸಮಯ ಕೊಡಿ ಸಾಹೇಬರೇ. ನನ್ನ ತಂಗಿಯನ್ನು ಒಂದು ಮಾತು ಕೇಳಬೇಕು."

ಕುಸುಮ ಗೋಡೆಗೊರಗಿ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಬತ್ತಿತ್ತು. ದುಃಖದಲ್ಲಿದ್ದ ಹೆಂಗಸೆಂದು ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

"ಪೂಜೆಗೆ ಮೊದಲು ಅಂಗಡಿ ಗುಡಿಸಿದ್ದು ನೀನಾ?"

"ಹೌದಣ್ಣ. ಅವರು ಹೂ ತರ್ಲಿಕ್ಕೆ ಹೋಗಿದ್ರು."

"ಡಬ್ಬಿ ಮುಟ್ಟಿದ್ಯಾ?"

ಅವಳು ಅಣ್ಣನ ಮುಖ ನೋಡಿದಳು. "ಊರಲ್ಲಾಗಿದ್ರೆ ಆಗ ಹೊಸ ಅಕ್ಕಿ ಊಟ ಅಲ್ವಾ? ಅಮ್ಮ ಹಳೆ ಅಕ್ಕಿಗೆ ಹೊಸತು ಬೆರೆಸ್ತಿದ್ರು. ಇಲ್ಲಿ ಗದ್ದೆ ಎಲ್ಲಿ, ತೆನೆ ಎಲ್ಲಿ? ನಮ್ಮ ಅನ್ನ ಬರೋದು ಆ ಡಬ್ಬಿಯಿಂದ. ಅದಕ್ಕೆ ಅಕ್ಕಿ ಅಳೆಯುವ ಚಿಪ್ಪಿನಲ್ಲಿ ಹೊಸತು ಸ್ವಲ್ಪ ತೆಗೆದು ಹಳೆಯದಕ್ಕೆ ಹಾಕ್ದೆ. 'ಪೊಲಿ ಪೊಲಿ' ಅಂತ ಹೇಳಿಯೇ ಹಾಕ್ದೆ, ಹೆಚ್ಚಲಿ ಅಂತ. ಯಾಕಣ್ಣ? ಅದರಿಂದ ಎಂತದು?"

ಗುರುವ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಹೊಸ ಮದ್ದು ಹಳೆಯದರ ಜೊತೆ ಕಲೆಯದೆ ಮೇಲೆಯೇ ನಿಂತದ್ದು, ಪೂವಪ್ಪ ಮೇಲಿನಿಂದ ಮೊಗೆದದ್ದು, ಕೈಗೆ ಬಂದದ್ದೆಲ್ಲ ಹೊಸದೇ ಆದದ್ದು—ಮಗುವಿಗೆ ಹೇಳುವಂತೆ ಹೇಳಿದ. ಹೇಳಿ ಮುಗಿಸುವಾಗ ಅವನ ಗಡ್ಡ ಒದ್ದೆಯಾಗಿತ್ತು.

ಕುಸುಮ ತನ್ನ ಬಲಗೈಯನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ಆಮೇಲೆ ಕೇಳಿದಳು, "ಕುಂಞಿ ಒಳಗಿದ್ದಾನಾ?"

"ಇದ್ದಾನೆ. ನೀನು ಬರೋದು ಬೇಡ, ನಾನು ಹೇಳ್ತೇನೆ."

"ಬೇಡ. ನಮ್ಮವರು ಎಂದೂ ಮದ್ದು ಬೆರೆಸಿದವರಲ್ಲ ಅಂತ ನಾನೇ ಹೇಳ್ಬೇಕು." ಅವಳು ಸೆರಗು ಹೊದ್ದು ಎದ್ದಳು.

ಠಾಣೆಯಲ್ಲಿ ಅವಳ ಮಾತು ಕೇಳಿ ಅಧಿಕಾರಿ ಅಕ್ಕಿಕಾಳನ್ನೂ ಅವಳನ್ನೂ ನೋಡಿದ, ತಲೆ ತಗ್ಗಿಸಿದ. ಇದು ಕೊಲೆಯಲ್ಲ ಎಂದ. ಕುಂಞಮ್ಮದ್ ಹೊರಗೆ ಬಂದ.

"ಅವರು ನಿನಗೆ ಬೈದ ಹಾಗೆ ನನಗೂ ಬೈಯ್ಬೇಕಿತ್ತು ಕುಂಞಿ," ಎಂದಳು ಕುಸುಮ.

"ನನಗೆ ಬೈದು ಹೇಳಿದ್ರು ಅಕ್ಕ, ಅದಕ್ಕೆ ನಾನು ಕೈ ಹಾಕ್ಲಿಲ್ಲ," ಎಂದ ಅವನು. "ನಿಮಗೆ ಯಾರೂ ಹೇಳಲೇ ಇಲ್ಲ."

ಆಗ ಅವಳು ಗೋಳೋ ಎಂದು ಅತ್ತಳು.

ಸಂಜೆ ಗುರುವ ಪೂವಪ್ಪನ ಖಾಲಿ ಮೇಜಿನ ಮೇಲೆ ದೀಪ ಹಚ್ಚಿದ. ಬಾಗಿಲಲ್ಲಿ ಕುಂಞಮ್ಮದ್ ಅಂಗೈ ಎತ್ತಿ ನಿಂತಿದ್ದ. ಗುರುವ ಕಣ್ಣು ಮುಚ್ಚಿದ: ಸ್ವಾಮೀ, ಪೂವಪ್ಪನ ಕೈ ಅಳತೆ ತಪ್ಪಿದ್ದಿಲ್ಲ. ಪೊಲಿ ಎಂದು ಸುರಿದವಳ ಮನಸ್ಸಿನಲ್ಲೂ ಕಪಟವಿರಲಿಲ್ಲ. ಅವಳ ಕೈಯನ್ನು ಕ್ಷಮಿಸು. ದೂರದ ಮಣ್ಣಿನಲ್ಲಿ ಉಸಿರು ಬಿಟ್ಟ ನಮ್ಮ ಪೂವಪ್ಪನನ್ನು ನಿನ್ನ ಪಾದದ ನೆರಳಿಗೆ ಸೇರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.