ಎರಡನೆಯ ಕೀಲಿಕೈ

ಮೂರನೆಯ ಡ್ರಮ್ಮಿನ ಗಾಜಿನ ಬಾಗಿಲಿಗೆ ಒಳಗಿನಿಂದ ಒಂದು ಅಂಗೈ ಅಂಟಿಕೊಂಡಿತ್ತು.

ಅದನ್ನು ಮೊದಲು ಕಂಡವಳು ತಂಗಿ. ಚಹಾ ವಿರಾಮಕ್ಕೆ ಬಾರದ ಅಕ್ಕನನ್ನು ಕರೆಯಲು ಬಂದಿದ್ದಳು. ಅವಳು ನೋಡುತ್ತಿದ್ದಂತೆ ಅಂಗೈ ಮೆಲ್ಲಗೆ ಗಾಜಿನ ಮೇಲಿಂದ ಜಾರಿತು.

ಅವಳ ಕೂಗಿಗೆ ಅಂಗಳದಲ್ಲಿದ್ದ ಎಂಟೂ ಜನ ಲೋಟ ಬಿಟ್ಟು ಓಡಿ ಬಂದರು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಆಳೆತ್ತರದ ಆರು ಡ್ರಮ್ಮುಗಳು. ಒಳಗೆ ಬಿದ್ದಿದ್ದ ಅಕ್ಕನನ್ನು ಎಲ್ಲರೂ ಚುರುಕಿ ಎಂದೇ ಕರೆಯುತ್ತಿದ್ದರು. ಉಸಿರಿತ್ತು, ಎಚ್ಚರವಿರಲಿಲ್ಲ. ಆಂಬುಲೆನ್ಸ್ ಅವಳನ್ನು ಕೊಂಡೊಯ್ದಿತು.

ಡ್ರಮ್ಮಿನ ಸ್ವಿಚ್ಚಿಗೆ ಅವಳ ಕೆಂಪು ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಕೀಲಿಕೈ ಅವಳ ಕೊರಳಲ್ಲೇ ಇತ್ತು.

“ಬೀಗ ಹಾಕಿದ ಮಿಷನ್ನು ತಾನಾಗೇ ತಿರುಗಿದೆ,” ಯಾರೋ ಪಿಸುಗುಟ್ಟಿದರು.

ಆಮೇಲೆ ಯಾರೂ ಆ ಕಡೆ ಹೆಜ್ಜೆ ಇಡಲಿಲ್ಲ.

* * *

ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು. ಬಂದವಳೇ ತಂಗಿಯ ಕೈಗೆ ನೀರು ಕೊಟ್ಟಳು. ಅವಳು ಕುಡಿದು ಮುಗಿಸಿದ ಮೇಲೆ ಕೇಳಿದಳು.

“ನೀನು ಬಂದಾಗ ಡ್ರಮ್ಮಿನ ಬಾಗಿಲು?”

“ಮುಚ್ಚಿತ್ತು.”

“ಒಳಗಿಂದ ಮುಚ್ಚೋಕಾಗುತ್ತಾ?”

“ಇಲ್ಲ ಮೇಡಂ. ಒಳಗೆ ಹಿಡಿಯೇ ಇಲ್ಲ.”

“ಹಾಗಾದ್ರೆ ದೆವ್ವ ಅಲ್ಲ. ದೆವ್ವಕ್ಕೆ ಬಾಗಿಲು ಯಾಕೆ? ಸರಿ, ಈ ಬೀಗದ ಕಥೆ ಹೇಳು.”

“ಒಳಗೆ ಹೋಗೋರು ಸ್ವಿಚ್ ಆರಿಸಿ ತಮ್ಮದೇ ಬೀಗ ಹಾಕ್ಬೇಕು. ಕೀ ಕೊರಳಲ್ಲಿರಬೇಕು. ಹೊಸ ಬೀಗಕ್ಕೆ ಎರಡು ಕೀ ಬರುತ್ತೆ. ಎರಡನೇದನ್ನ ನಮ್ಮ ಕಣ್ಣೆದುರೇ ಇಕ್ಕಳದಲ್ಲಿ ಮುರಿದು ಆ ಗಾಜಿನ ಭರಣಿಗೆ ಹಾಕ್ತಾರೆ. ಒಂದು ಬೀಗ, ಒಂದೇ ಕೀ, ಒಂದು ಜೀವ.”

“ಅಕ್ಕನ ಬೀಗ ಹಳೇದಾ?”

“ಇಲ್ಲ, ಹಳೇದು ಬೆಳಿಗ್ಗೆ ಕಾಣಿಸಲಿಲ್ಲ. ಬಾಯ್ಲರ್ ಮಾವ ಹೊಸ ಪೊಟ್ಟಣ ತಂದ್ರು. ದೊಡ್ಡಣ್ಣ ಬಿಚ್ಚಿ ಒಂದು ಕೀಯನ್ನ ದಾರಕ್ಕೆ ಕಟ್ಟಿದ್ರು. ಇನ್ನೊಂದನ್ನ ಅಮ್ಮಾವ್ರೇ ಮುರಿದ್ರು.”

ಅಮ್ಮಾವ್ರು ಎಂದರೆ ಯಜಮಾನಿ. ದೊಡ್ಡಣ್ಣ ಮೇಸ್ತ್ರಿ. ಬಾಯ್ಲರ್ ಮಾವ ಬಾಯ್ಲರ್ ನೋಡಿಕೊಳ್ಳುವವನು. ಚಹಾದ ಹೊತ್ತಿಗೆ ಅಂಗಳದಲ್ಲಿ ಇಲ್ಲದವರೂ ಈ ಮೂವರೇ.

ಇನ್ಸ್‌ಪೆಕ್ಟರ್ ಹಾಲ್‌ನ ಬಾಗಿಲು ಹಾಕಿದಳು. ಬಿಳಿ ಹಾಸೊಂದರ ಮೇಲೆ ಭರಣಿ ಸುರಿದಳು. ಹನ್ನೊಂದು ಮುರಿದ ಕೀಲಿಕೈಗಳು. ಗೋಡೆಯ ಮೇಲೂ ಸ್ವಿಚ್ಚಿನ ಮೇಲೂ ಸೇರಿ ಬೀಗಗಳು ಹತ್ತು, ಕಾಣೆಯಾದದ್ದು ಸೇರಿ ಹನ್ನೊಂದು. ಬೀಗದ ಮೇಲೂ ಅದರ ಕೀಲಿಕೈಗಳ ಮೇಲೂ ಒಂದೇ ಅಂಕಿ ಕೊರೆದಿತ್ತು. ಅವಳೂ ತಂಗಿಯೂ ಒಂದೊಂದಾಗಿ ಹೊಂದಿಸಿದರು.

“ಲೆಕ್ಕ ಸರಿ ಇದ್ಯಲ್ಲಾ, ಮೇಡಂ?”

“ಅದಕ್ಕೇ ಹೆದರಿಕೆ. ಎಣಿಕೆ ಸರಿ, ಆದ್ರೆ ಹೊಸ ಬೀಗದ ಅಂಕಿ ಯಾವ ತುಂಡಿನ ಮೇಲೂ ಇಲ್ಲ. ಇವತ್ತು ಮುರಿದದ್ದು ಯಾವುದು?”

ತಂಗಿ ತಳದವರೆಗೆ ಹುಡುಕಿದಳು. “ಇಗೋ, ಮುರಿದ ಅಂಚು ಇನ್ನೂ ಹೊಳೀತಿದೆ. ಆದ್ರೆ ಇದರ ಅಂಕಿ...” ಅವಳು ತುಂಡುಗಳನ್ನು ಜೋಡಿಸಿ ಮತ್ತೆ ಓದಿದಳು. “ಇದು ಅಕ್ಕನ ಹಳೇ ಬೀಗದ್ದು. ಇದೇ ಅಂಕಿಯದು ಆಗಲೇ ಒಂದಿದೆ, ಹಾಗಾದ್ರೆ ಇದು ಅವಳ ಕೊರಳಲ್ಲಿ ಇರ್ತಿದ್ದ ಕೀ.”

“ಅಂದ್ರೆ ಹಳೇ ಬೀಗದ ಜೊತೆ ಅದರ ಕೀನೂ ಕದ್ದಿದ್ದಾರೆ. ಬೆಳಿಗ್ಗೆ ಮುರಿದದ್ದು ಅದನ್ನ. ಹೊಸ ಬೀಗದ ಎರಡನೇ ಕೀ ಇನ್ನೂ ಯಾರದೋ ಜೇಬಲ್ಲಿದೆ. ನೀವು ಯಾರೂ ಅಂಕಿ ಓದಲ್ವಾ?”

“ಇಲ್ಲ. ಕಣ್ಣೆದುರೇ ಮುರೀತಾರಲ್ಲ ಅಂತ...” ತಂಗಿ ಡ್ರಮ್ಮಿನತ್ತ ತಿರುಗಿದಳು. “ಅಕ್ಕ ಅರ್ಧ ಕೂರಿಸಿದ ಲೋಹದ ರೆಕ್ಕೆ ಒಳಗಿದೆ. ಬಟ್ಟೆ ಸಿಕ್ಕಾಗದೇ ಇರೋಕೆ ಅವಳೇ ಕಂಡುಹಿಡಿದದ್ದು. ಅದನ್ನ ಮುಗಿಸೋಕೆ ನಾಳೆ ಒಳಗೆ ಹೋಗಬೇಕಾದವಳು ನಾನೇ ಮೇಡಂ.”

“ಅದಕ್ಕೇ ಇವತ್ತೇ ಹಿಡೀಬೇಕು. ಈ ಅಂಕಿ ವಿಷಯ ನಿನ್ನ ಬಾಯಿಂದ ಹೊರಗೆ ಬೀಳಬಾರದು.”

* * *

ಬಾಯ್ಲರ್ ಮಾವ ಬೆವರು ಒರೆಸಿಕೊಳ್ಳುತ್ತಲೇ ಮಾತಾಡಿದ.

“ಚುರುಕಿ ಹೋದವಾರ ಕೆಲಸ ಬಿಡ್ತೀನಿ ಅಂದ್ಲು. ಸ್ವಂತ ಒಗೆಯೋ ಅಂಗಡಿ ಹಾಕ್ತಾಳಂತೆ. ಅಮ್ಮಾವ್ರು, ‘ನೀನು ಎಲ್ಲಿಗೂ ಹೋಗಲ್ಲ’ ಅಂದದ್ದು ನನ್ನ ಕಿವಿಗೇ ಬಿತ್ತು. ಇಲ್ಲಿಂದ ಹೊರಗೆ ಹೋಗೋದೂ ಒಂದೇ, ಹುಲಿ ಬಾಯಿಂದ ಹೊರಗೆ ಬರೋದೂ ಒಂದೇ.”

ಇನ್ಸ್‌ಪೆಕ್ಟರ್ ನೇರ ಯಜಮಾನಿಯ ಕೋಣೆಗೆ ಹೋದಳು. ಯಜಮಾನಿ ಕಸದ ಬುಟ್ಟಿಯಿಂದ ಹರಿದ ಕಾಗದ ಎತ್ತಿ ತೋರಿಸಿದಳು.

“ಅವಳ ರಾಜೀನಾಮೆ. ನಿನ್ನೆ ಸಂಜೆ ಅವಳೇ ಹರಿದ್ಲು. ನಾನು ಹೆದರಿಸಲಿಲ್ಲ, ಗೋಗರೆದೆ. ಇಂಥ ತಲೆ ಇರೋರು ಕಟ್ಟಿಹಾಕಿದ್ರೆ ಉಳಿಯಲ್ಲ, ಜಾಗ ಕೊಟ್ಟರೆ ಉಳೀತಾರೆ. ಸ್ವಂತ ಕೋಣೆ, ವಾರಕ್ಕೊಂದು ದಿನ ಅವಳ ಪ್ರಯೋಗಕ್ಕೆ, ರೆಕ್ಕೆಗೆ ಅವಳದೇ ಹೆಸರು. ಉಳಿದ್ಲು.”

“ಯಾರಿಗೆ ಗೊತ್ತಿತ್ತು?”

“ದೊಡ್ಡಣ್ಣಂಗೆ, ಬಾಯ್ಲರ್‌ನೋರಿಗೆ. ಪಾಪ ಅವರಿಗೆ ಬೇಜಾರಾಯ್ತು. ಅವಳ ಅಂಗಡಿಗೆ ಜೊತೆಗೆ ಹೋಗೋರಿದ್ರು.”

ಮಾವ ಅದನ್ನು ಹೇಳಿರಲಿಲ್ಲ. ಇನ್ಸ್‌ಪೆಕ್ಟರ್ ಕೆಳಗಿಳಿದು ಮತ್ತೆ ಕೇಳಿದಳು. ಅವನು ತಲೆ ತಗ್ಗಿಸಿದ.

“ಹೌದು, ಕೈ ಕೊಟ್ಲು. ಸಿಟ್ಟಲ್ಲಿ ಬೈದೆ. ಬೈದರೆ ಮೂಳೆ ಮುರಿಯುತ್ತಾ, ಮೇಡಂ?”

ಚುರುಕಿಯ ಹೊಸ ಕೋಣೆಯ ಬಾಗಿಲಲ್ಲಿ ಬಣ್ಣ ಆರದ ಫಲಕ ತೂಗುತ್ತಿತ್ತು. ಹೊರಗೆ, ಕೋಣೆಗಳ ನಡುವಿನ ಓಣಿಯಲ್ಲಿ ಒಂದು ಹಳೆಯ ಕುರ್ಚಿ. ಅದರ ಮೇಲೆ ನೀಟಾಗಿ ಮಡಿಸಿದ ಟವೆಲ್, ಒಂದು ಕನ್ನಡಕದ ಡಬ್ಬಿ. ದೊಡ್ಡಣ್ಣ ಅಲ್ಲಿಯೇ ನಿಂತಿದ್ದ. ಅತ್ತು ಕಣ್ಣು ಕೆಂಪಾಗಿತ್ತು.

“ನಿಮ್ಮ ಕುರ್ಚಿಯಾ?”

“ಹೂಂ. ನಿನ್ನೆವರೆಗೂ ಈ ಕೋಣೆ ಒಳಗೇ ಕೂರ್ತಿದ್ದೆ. ಪರವಾಗಿಲ್ಲ ಬಿಡಿ. ಹುಡುಗಿ ಬದುಕಿದ್ರೆ ಸಾಕು.”

* * *

ಮಧ್ಯಾಹ್ನ ಮೂವರನ್ನೂ ಮೂರನೆಯ ಡ್ರಮ್ಮಿನ ಮುಂದೆ ನಿಲ್ಲಿಸಲಾಯಿತು. ಕೆಲಸಗಾರರೆಲ್ಲ ಗೋಡೆಗೆ ಅಂಟಿ ನಿಂತಿದ್ದರು. ಒಳಗೆ ಒಂದು ಹನಿ ನೀರು ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳುತ್ತಿತ್ತು.

“ಒಬ್ಬೊಬ್ಬರೇ ಒಳಗೆ ಹೋಗಿ,” ಇನ್ಸ್‌ಪೆಕ್ಟರ್ ಹೇಳಿದಳು. “ನಿಮ್ಮದೇ ಪದ್ಧತಿ. ಹೊಸ ಬೀಗ ಕೊಡ್ತೀನಿ. ಎರಡನೇ ಕೀ ನಿಮ್ಮೆದುರೇ ಮುರೀತೀನಿ. ಬಾಗಿಲು ಮುಚ್ಚಿ ಹತ್ತು ಎಣಿಸ್ತೀನಿ. ಸ್ವಿಚ್ಚಿನ ಮೇಲೆ ನನ್ನ ಕೈ ಇರುತ್ತೆ.”

ಯಜಮಾನಿಯ ಮುಖ ಬಿಳಿಚಿತು. ಆದರೂ ಚಪ್ಪಲಿ ಬಿಟ್ಟು, ಬೀಗ ಹಾಕಿ, ಒಳಗೆ ತೂರಿದಳು. ಹೊರಬಂದು ಚಪ್ಪಲಿ ಮೆಟ್ಟಿಕೊಂಡಳು.

ಬಾಯ್ಲರ್ ಮಾವ ಹೊಟ್ಟೆ ಸವರಿಕೊಂಡ. “ನಾನು ಹಿಡಿಸ್ತೀನೋ ಇಲ್ವೋ ಅನ್ನೋದೇ ಭಯ.” ಅವನೂ ಹೋಗಿ ಬಂದ.

ದೊಡ್ಡಣ್ಣನ ಸರದಿ. ಇಕ್ಕಳದಲ್ಲಿ ಕೀಲಿಕೈ ಟಕ್ಕೆಂದು ಮುರಿಯಿತು. ಇನ್ಸ್‌ಪೆಕ್ಟರ್ ಈ ಸಲವೂ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅವನು ಬೀಗ ಹಾಕಿದ. ಡ್ರಮ್ಮಿನ ಅಂಚು ಹಿಡಿದ. ಒಳಗಿನ ಕತ್ತಲೆಯನ್ನು ನೋಡಿದ. ಅಲ್ಲೇ ನಿಂತುಬಿಟ್ಟ.

“ಹೋಗಿ, ದೊಡ್ಡಣ್ಣ.”

“ಆ ತುಂಡು ತೋರಿಸಿ.”

“ಯಾಕೆ?”

“ಅಂಕಿ... ಅಂಕಿ ನೋಡ್ಬೇಕು.”

ಹನಿ ತೊಟ್ಟಿಕ್ಕಿತು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಇನ್ಸ್‌ಪೆಕ್ಟರ್ ಮುಷ್ಟಿ ಬಿಚ್ಚಿದಳು. ಅಂಕಿ ಸರಿಯಾಗಿಯೇ ಇತ್ತು.

“ಇಬ್ಬರು ಕೇಳಲಿಲ್ಲ. ಈ ಕಾರ್ಖಾನೆಯಲ್ಲಿ ಯಾರೂ ಯಾವತ್ತೂ ಕೇಳಿಲ್ಲ. ಮುರಿದದ್ದು ಬೇರೆ ಕೀ ಆಗಿರಬಹುದು ಅನ್ನೋ ಯೋಚನೆ, ಹಾಗೆ ಮಾಡಿದವನಿಗೆ ಮಾತ್ರ ಬರುತ್ತೆ. ಪೊಟ್ಟಣ ಬಿಚ್ಚಿ ದಾರ ಕಟ್ಟುವಾಗ ಬದಲಾಯಿಸಿದ್ರಿ. ಅಮ್ಮಾವ್ರು ಪಾಪ, ನೀವು ಕೊಟ್ಟದ್ದನ್ನ ಮುರಿದ್ರು. ಚಹಾದ ಹೊತ್ತಲ್ಲಿ ಡ್ರಮ್ಮಿನ ಬಾಗಿಲು ಮುಚ್ಚಿದ್ರಿ, ಬೀಗ ತೆಗೆದ್ರಿ, ತಿರುಗಿಸಿದ್ರಿ, ಮತ್ತೆ ಹಾಕಿದ್ರಿ.”

ದೊಡ್ಡಣ್ಣ ಸೊಂಟದ ಗೊಂಚಲು ಬಿಚ್ಚಿದ. ಅದರಿಂದ ಒಂದು ಹೊಸ ಕೀಲಿಕೈ ಹೊರಗೆಳೆದು ಮೇಜಿನ ಮೇಲಿಟ್ಟ.

“ಆದ್ರೆ ಅವಳು ಹೋಗ್ತೀನಿ ಅಂದಿದ್ಲಲ್ಲ,” ಗೋಡೆಯ ಬಳಿಯಿಂದ ಒಬ್ಬ ಕೆಲಸಗಾರ ತೊದಲಿದ.

“ಹೋಗ್ತಾಳೆ ಅಂತಲ್ಲ. ಉಳಿದ್ಲು ಅಂತ.” ಇನ್ಸ್‌ಪೆಕ್ಟರ್ ಓಣಿಯ ಕುರ್ಚಿಯತ್ತ ನೋಡಿದಳು.

ದೊಡ್ಡಣ್ಣ ಬಾಯಿಬಿಟ್ಟ. “ಇಪ್ಪತ್ತೆರಡು ವರ್ಷ ಒಂದು ಸಲಾನೂ ಹೋಗ್ತೀನಿ ಅನ್ನಲಿಲ್ಲ. ಅದೇ ನನ್ನ ತಪ್ಪು. ಹೋಗ್ತೀನಿ ಅನ್ನೋರಿಗೆ ಕೋಣೆ. ಅನ್ನದೋರಿಗೆ ಓಣಿ. ಈ ಬೀಗ, ಈ ಕೀ ಮುರಿಯೋದು, ಇದೂ ಒಬ್ಬರ ತಲೆಯಿಂದ ಬಂದದ್ದೇ. ಮಿಷನ್ನಿಗೆ ಸಿಕ್ಕಿ ಒಬ್ಬನ ಕೈ ಹೋದ ದಿನ ನಾನೇ ರಾತ್ರಿಯೆಲ್ಲ ಕೂತು ಯೋಚಿಸಿದ್ದೆ.”

ಯಜಮಾನಿ ಕಣ್ಣು ಅಗಲಿಸಿದಳು. “ಅದು ಮೊದಲಿಂದಲೂ ಇತ್ತಲ್ವಾ?”

“ಮೊದಲಿಂದ ಏನೂ ಇರಲ್ಲಮ್ಮಾ. ಯಾರೋ ಯೋಚನೆ ಮಾಡಿರ್ತಾರೆ.”

ತಂಗಿ ಅವನೆದುರು ಬಂದು ನಿಂತಳು. “ಅದನ್ನೇ ಇಟ್ಟುಕೊಂಡು ನನ್ನಕ್ಕನ್ನ...” ಅವನು ಅವಳ ಮುಖ ನೋಡಲಿಲ್ಲ.

* * *

ಚುರುಕಿ ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಳು. ಮೂರು ಪಕ್ಕೆಲುಬು, ಬಲತೋಳು ಮುರಿದಿದ್ದವು. ಮೂಳೆ ಕೂಡುತ್ತದೆ ಎಂದರು ಡಾಕ್ಟರು.

ಅದೇ ಹೊತ್ತಿಗೆ ತಂಗಿ ಮೂರನೆಯ ಡ್ರಮ್ಮಿನ ಮುಂದೆ ಹೊಸ ಬೀಗ ಹಿಡಿದು ನಿಂತಿದ್ದಳು. ಮುರಿದ ತುಂಡುಗಳನ್ನು ಜೋಡಿಸಿ ಅಂಕಿಯನ್ನು ಜೋರಾಗಿ ಓದಿದಳು. ಯಜಮಾನಿ ಓದಿದಳು. ಬಾಯ್ಲರ್ ಮಾವ ಕಣ್ಣು ಕಿರಿದು ಮಾಡಿ ಓದಿದ.

ಎಲ್ಲ ಸರಿಯಾಗಿತ್ತು. ಆದರೂ ಕಾಲು ಒಳಗಿಡುವ ಮುನ್ನ ಅವಳು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಿಂದೆಂದೂ ಹಾಗೆ ನೋಡಿರಲಿಲ್ಲ.