ತಾಪಸಾಕ್ಷಿಗೆ ನೆರಳು

ತಾಪಸಾಕ್ಷಿಯ ದೀಪ ಹಸಿರಾಗಿಯೇ ಇತ್ತು. ಕಲಬುರಗಿ ಸೀಮೆಯ ಆ ಹಾಸುಗಲ್ಲಿನ ಗಣಿಯಲ್ಲಿ ಹಾರೆ ಮುಟ್ಟಿದರೆ ಅಂಗೈ ಚುರ್ರೆನ್ನುತ್ತಿತ್ತು. ಆದರೂ ದೀಪ ಹಸಿರು. ಹಸಿರೆಂದರೆ ಕೆಲಸ.

ಎದೆಮಟ್ಟದ ಕಂಬದ ಮೇಲೆ ಕೂತ ಬಿಳಿ ಪೆಟ್ಟಿಗೆ ಅದು. ಬಿಸಿಲು, ಗಾಳಿಯ ಬಿಸಿ, ತೇವ ಮೂರನ್ನೂ ಕೂಡಿಸಿ ಅಳೆಯುತ್ತಿತ್ತು. ತೇವ ಹೆಚ್ಚಿದರೆ ಬೆವರು ಆರದು. ಬೆವರು ಆರದಿದ್ದರೆ ಮೈ ಒಳಗಿಂದಲೇ ಬೇಯುತ್ತದೆ. ಆ ಅಂಚಿಗೆ ವಿಜ್ಞಾನಿಗಳು 'ತಾಳುಮಿತಿ' ಎಂದು ಹೆಸರಿಟ್ಟಿದ್ದರು. ಅದು ದಾಟಿದೊಡನೆ ದೀಪ ಕೆಂಪಾಗಿ ಸೈರನ್ ಕೂಗಬೇಕು, ಮೇಲೆ ಹಾಯುವ ಕಿರು ಉಪಗ್ರಹಗಳು ಸುದ್ದಿಯನ್ನು ರಾಜಧಾನಿಗೆ ಮುಟ್ಟಿಸಬೇಕು. ಕೆಲಸ ನಿಲ್ಲಬೇಕು, ಕೂಲಿ ನಿಲ್ಲಬಾರದು. ಕಾಯ್ದೆ ಹಾಗಿತ್ತು. ಪೆಟ್ಟಿಗೆ ಮುಟ್ಟಿದವರಿಗೆ ಜೈಲು ಎಂದೂ ಇತ್ತು.

ಗಣಿಯ ಮಾಲೀಕ ಮುಟ್ಟಲಿಲ್ಲ. ಅದಕ್ಕೊಂದು ಗುಡಿಸಲು ಕಟ್ಟಿಸಿದ. ಸುತ್ತ ಗೋಣಿಚೀಲದ ಪರದೆ, ಪರದೆಗೆ ದಿನವಿಡೀ ಟ್ಯಾಂಕರಿನ ನೀರು. ಅದರ ಮೂಲಕ ಹಾಯುವ ಒಣಗಾಳಿ ತಂಪಾಗಿ ಪೆಟ್ಟಿಗೆಯನ್ನು ಮುಟ್ಟುತ್ತಿತ್ತು. ಇಡೀ ಗಣಿಯಲ್ಲಿ ನೆರಳಿದ್ದದ್ದು ಆ ಯಂತ್ರಕ್ಕೊಂದಕ್ಕೇ.

"ಎವ್ವಾ, ಕಣ್ಣಿಗಿ ಕತ್ತಲ ಬರಲತ್ತದ," ಅಂದಳು ಯಂಕಮ್ಮ. ಐದು ತಿಂಗಳ ಬಸುರಿ.

ಹುಲಿಗೆವ್ವ ಮಗಳ ರಟ್ಟೆ ಹಿಡಿದು ಗುಡಿಸಲತ್ತ ನಡೆಸಿದಳು. ಕೂಲಿಗಳ ಮೇಲೆ ನಿಗಾ ಇಡುವ ಮುಕಾದಮ ಗುಂಡಪ್ಪ ಅಡ್ಡ ನಿಂತ.

"ಹಸರ ದೀಪ ಕಾಣಲ್ಲೇನು? ಸೆಕಿನೇ ಇಲ್ಲಂತ ಸರಕಾರಿ ಪೆಟ್ಟಿಗಿನೇ ಹೇಳಲತ್ತದ. ನೀ ಅದಕ್ಕಿಂತ ಶಾಣ್ಯಾಕಿ ಏನು?"

"ಆ ಪೆಟ್ಟಿಗಿ ತಲಿ ಮ್ಯಾಲ ಒಂದು ಕಲ್ಲ ಹೊರಸೋ ಅಣ್ಣಾ. ಆಮ್ಯಾಲ ಏನಂತದ ಕೇಳಮು."

ಮಾತು ಮುಗಿಯುವಷ್ಟರಲ್ಲಿ ಯಂಕಮ್ಮ ಕುಸಿದಳು. ಹಾರೆ ಬಿಸಾಕಿ ಹೆಂಗಸರೆಲ್ಲ ಓಡಿಬಂದರು. ಗುಂಡಪ್ಪನನ್ನು ದೂಡಿ, ಅವಳನ್ನು ಹೊತ್ತು ಗುಡಿಸಲಿಗೆ ನುಗ್ಗಿದರು. ಹೊರಗಿನ ಉರಿಗಾಳಿ ಬಾರದಿರಲೆಂದು ಪರದೆಗಳ ಸಂದು ಮುಚ್ಚಿ ನಿಂತರು. ಒಂದು ಪೆಟ್ಟಿಗೆಗೆಂದು ಕಟ್ಟಿದ ಜಾಗದಲ್ಲಿ ಮೈಗೆ ಮೈ ಒತ್ತಿಕೊಂಡ ಹೆಂಗಸರು. ಅವರ ಬೆವರು, ಅವರ ಏದುಸಿರು. ಗಾಳಿ ಆಡಲಿಲ್ಲ. ತೇವ ಏರಿತು.

ದೀಪ ಕೆಂಪಾಯಿತು. ಸೈರನ್ ಕೂಗಿತು. ತಾಲ್ಲೂಕಿನಲ್ಲಿ ಒಂದು ಕಡೆ ತಾಳುಮಿತಿ ದಾಟಿದರೆ ಎಲ್ಲ ಕಡೆ ಕೆಲಸ ನಿಲ್ಲುವ ಏರ್ಪಾಡು. ಉಪಗ್ರಹದ ಸುದ್ದಿ ಹಿಡಿದು ಆಚೆ ಗಣಿಯೂ ಕೂಗಿತು, ಅದರಾಚೆಯದೂ. ಎಲ್ಲೆಡೆ ಕಲ್ಲಿನ ಸದ್ದು ನಿಂತಿತು.

ಅಷ್ಟರಲ್ಲಿ ಯಂಕಮ್ಮನ ಬೆವರು ನಿಂತಿತ್ತು. ಉಸಿರೂ.

ಸಂಜೆ ಜೀಪಿನಲ್ಲಿ ಡಾ. ಚಿತ್ರಲೇಖಾ ಬಂದರು. ತಾಪಸಾಕ್ಷಿಯನ್ನು ರೂಪಿಸಿದವರು ಅವರೇ. ಗೋಣಿಯ ಪರದೆ ಮುಟ್ಟಿ ನೋಡಿ ತುಟಿ ಕಚ್ಚಿದರು.

"ಅಮ್ಮಾ, ಇವತ್ತಿನ ಅಳತೆ ಸರಿಯಿಲ್ಲ. ನೀವೆಲ್ಲ ಒಳಗೆ ತುಂಬಿಕೊಂಡಿದ್ದಕ್ಕೆ ಅದು ಕೂಗಿದೆ. ಅಳಿಸಬೇಕಾಗುತ್ತೆ. ಅದು ಅಳೆಯೋದು ಹವೆಯನ್ನ, ಮನುಷ್ಯರನ್ನಲ್ಲ."

"ಮನುಷ್ಯಾರು ಇಲ್ಲದಲ್ಲಿ ಸೆಕಿ ಎಷ್ಟದ ಅಂತ ಯಾರಿಗಿ ಬೇಕಾಗ್ಯದ್ರೀ ಮೇಡಂ? ಕಲ್ಲಿಗಿ ಏನು?"

ಚಿತ್ರಲೇಖಾ ಪರದೆಯಿಂದ ಕೈ ತೆಗೆದರು. "ಆಯ್ತು, ಅಳಿಸಲ್ಲ. ಗೋಣಿ ಕಟ್ಟಿದ್ದನ್ನೂ ಬರೀತೀನಿ. ಆದರೆ..."

"ಆದರ?"

"ನಿಮ್ಮ ಮಗಳು ಬಿದ್ದಾಗ ದೀಪ ಹಸಿರಿತ್ತು. ಸೈರನ್ನಿಗೆ ಮೊದಲು ಬಿದ್ದವರನ್ನ ಸೆಕೆಯಿಂದ ಸತ್ತವರು ಅಂತ ಹಿಡಿಯೋಕೆ ಬರಲ್ಲ. ಯಾರೂ ಸುಳ್ಳು ಹೇಳಬಾರದು ಅಂತ ಯಂತ್ರದ ಮಾತೇ ಕಡೇ ಮಾತು ಮಾಡಿದ್ವಿ. ಆ ನಿಯಮ... ನಾನೇ ಬರೆದದ್ದು."

"ಹಂಗಾರ ನನ್ನ ಮಗಳು ತಂಪಿನ್ಯಾಗ ಸತ್ತಾಳಂತ ಬರಕೊಳ್ರಿ," ಅಂದಳು ಹುಲಿಗೆವ್ವ. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಮಗಳನ್ನು ಮಣ್ಣು ಮಾಡಿದ ಮರುದಿನವೂ ದೀಪ ಹಸಿರಾಗಿಯೇ ಇತ್ತು. ರಾಜಧಾನಿಯಿಂದ ಆದೇಶ ಬರುವ ತನಕ ಗೋಣಿಗೆ ನೀರು ಬೀಳುತ್ತಲೇ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹುಲಿಗೆವ್ವ ಹಾರೆ ಎತ್ತಲಿಲ್ಲ. ನೆಟ್ಟಗೆ ಗುಡಿಸಲಿಗೆ ನಡೆದು ಪರದೆ ಸರಿಸಿದಳು. ಹಿಂದೆ ಒಬ್ಬಳು, ಅವಳ ಹಿಂದೆ ಮತ್ತೊಬ್ಬಳು.

"ಏನ್ ಮಾಡಲತ್ತೀರಬೇ? ಪೆಟ್ಟಿಗಿ ಮುಟ್ಟಿದರ ಜೇಲು!" ಗುಂಡಪ್ಪ ಕಿರುಚಿದ.

"ಯಾರು ಮುಟ್ಟಲತ್ತಾರೋ? ಉಸರಾಡಲತ್ತೀವಿ."

ಹೆಂಗಸರು ಪರದೆ ಎಳೆದುಕೊಂಡರು. ಇವತ್ತು ಯಾರೂ ಬೀಳುವ ಮೊದಲೇ ಪೆಟ್ಟಿಗೆ ಕೂಗಲೇಬೇಕು.